ಭಾಂಡೆ ಅಂಗಡಿಯಲ್ಲಿ ಬೀಜಗಣಿತ

ಮೊನ್ನೆ ಬಾಳೆಹೊಸೂರಿನ ಒಬ್ಬ ಹುಡುಗ ನಮ್ಮ ಅಂಗಡಿಗೆ ಬಂದಿದ್ದ. ಮುಂದಿನ ತಿಂಗಳು ಅವನ ಮದುವೆಯಂತೆ. ಬಂದವರಿಗೆಲ್ಲ ನೆನಪಿಗೆಂದು ಕೊಡಲು ಸ್ಟೀಲಿನ ಸಣ್ಣ ಡಬ್ಬಿಗಳನ್ನು ಆರಿಸಿಟ್ಟು, "ಇವುಗಳ ಮ್ಯಾಲೆ ಎ ಪ್ಲಸ್ ಬಿ ಅಂತ ಇಂಗ್ಲೀಷಿನ್ಯಾಗ ಕೊರದು ಕೊಡ್ರಿ" ಎಂದ. ಎ ಅಂದರೆ ಅವನು, ಅನಿಲ. ಬಿ ಅಂದರೆ ಹುಡುಗಿ, ಭಾಗ್ಯಾ. ಲಕ್ಷ್ಮೇಶ್ವರದ ಬಜಾರದಲ್ಲಿ ಭಾಂಡೆ ಅಂಗಡಿ ಇಟ್ಟುಕೊಂಡು ಅರ್ಧ ಆಯುಷ್ಯ ಕಳೆದವನು ನಾನು. ಪಾತ್ರೆಯ ಮೇಲೆ ಹೆಸರು ಕೊರೆಯುವುದು ನನಗೆ ಎಲೆಯಡಿಕೆ ಹಾಕಿಕೊಂಡಷ್ಟು ಸಲೀಸು. ಅಂಥವನು ಆವತ್ತು ಗುಂಯ್ ಎನ್ನುವ ಆ ಪುಟ್ಟ ಯಂತ್ರವನ್ನು ಕೈಗೆ ತೆಗೆದುಕೊಂಡು ಎ ಬರೆದೆ, ಪ್ಲಸ್ ಹಾಕಿದೆ, ಬಿ ಬರೆದೆ, ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಎರಡೂ ಬದಿಗೆ ಕಂಸ ಹಾಕಿ ನೆತ್ತಿಯ ಮೇಲೊಂದು ಸಣ್ಣ ಎರಡನ್ನು ಕೊರೆದುಬಿಟ್ಟಿತು.

ಹುಡುಗ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದ. "ಕಾಕಾ, ಮ್ಯಾಲಿಂದು ಎರಡು ಯಾಕ್ರಿ?"

"ಇಬ್ಬರು ಅಂತಪಾ. ನೀವಿಬ್ಬರು" ಎಂದೆ. ವ್ಯಾಪಾರಸ್ಥನ ನಾಲಿಗೆ ಎಂಥ ಹೊತ್ತಿನಲ್ಲೂ ಕೈಬಿಡುವುದಿಲ್ಲ.

ಅವನು ಡಬ್ಬಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿ, "ಛಲೋ ಐತಿ. ಹಂಗಾರ ಎಲ್ಲಾದರ ಮ್ಯಾಲೂ ಹಾಕ್ರಿ" ಎಂದ.

ಹೀಗೆ ಶಿರಹಟ್ಟಿ ಸೀಮೆಯ ಎಷ್ಟೋ ಅಡುಗೆಮನೆಗಳಲ್ಲಿ ಇನ್ನು ಮುಂದೆ ಜೀರಿಗೆ ಸಾಸಿವೆಗಳು ಎ ಪ್ಲಸ್ ಬಿ ಹೋಲ್ ಸ್ಕ್ವೇರಿನ ಕೆಳಗೆ ಕೂರಲಿವೆ. ನಗಬೇಡಿ. ಹೋದ ವರ್ಷ ನಮ್ಮ ಮನೆಯಲ್ಲಿ ನಡೆದದ್ದು ನಿಮ್ಮ ಮನೆಯಲ್ಲಿ ನಡೆದಿದ್ದರೆ ನಿಮ್ಮ ಕೈಯೂ ಹೀಗೆಯೇ ಆಗುತ್ತಿತ್ತು.

ಹೋದ ವರ್ಷ ನನ್ನ ಮಗಳು ಹೈಸ್ಕೂಲಿನ ಎರಡನೆಯ ವರ್ಷ, ಅಂದರೆ ಒಂಬತ್ತನೇ ತರಗತಿಯಲ್ಲಿದ್ದಳು. ಅವಳ ಹೆಸರು ಸಹನಾ. ಹೆಸರಿಟ್ಟವಳು ನನ್ನ ಹೆಂಡತಿ ಶೈಲಾ. ಆ ಗುಣ ಮಗಳಿಗೆ ಬರಲೆಂದು ಇಟ್ಟಳೋ, ಮಗಳನ್ನು ಬೆಳೆಸಲು ನಮಗೆ ಬೇಕಾದೀತೆಂದು ಮುಂಗಡವಾಗಿ ಇಟ್ಟಳೋ ಹೇಳಲಾರೆ. ಊರ ಹೊರಗಿನ ಒಂದು ಖಾಸಗಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು. ಅವಳ ಜೊತೆ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದವಳು ಮುಬೀನಾ, ನಮ್ಮ ಪಕ್ಕದ ಗಾದಿ ಅಂಗಡಿಯ ದಾವಲಸಾಬನ ಮಗಳು. ಎರಡೂ ಅಂಗಡಿಗೆ ಗೋಡೆ ಒಂದೇ. ನನ್ನ ಕಡೆ ಪಾತ್ರೆ ಬಿದ್ದರೆ ಅವನ ಕಡೆಯಿಂದ "ಒಡೀಲಿಲ್ಲಲ್ಲ?" ಎಂಬ ಪ್ರಶ್ನೆ ಬರುತ್ತದೆ. ಸ್ಟೀಲು ಒಡೆಯುವುದಿಲ್ಲ ಎಂದು ವರ್ಷಗಟ್ಟಲೆ ಹೇಳಿ ಸಾಕಾಗಿ, ಈಗ "ಇಲ್ಲ" ಎಂದಷ್ಟೇ ಹೇಳುತ್ತೇನೆ.

ಒಂದು ದಿನ ಶಾಲೆಯಿಂದ ನಮ್ಮಿಬ್ಬರಿಗೂ ಕರೆ ಬಂತು. ಹೋದೆವು. ಗೇಟಿನ ಮೇಲೆ ಬಾಗಿಲಗಲದ ಫ್ಲೆಕ್ಸು. ಅದರಲ್ಲಿ ಶಾಲೆಗೆ ಹೆಸರು ತಂದ ಮಕ್ಕಳ ಫೋಟೋ. ನಡುವೆ ಮುಬೀನಾ, ಭಾಷಣ ಸ್ಪರ್ಧೆಯಲ್ಲಿ ಗೆದ್ದ ಕಪ್ಪು ಹಿಡಿದುಕೊಂಡು ನಿಂತವಳು. ದಾವಲಸಾಬ ಹೋಗುವಾಗೊಮ್ಮೆ ಕತ್ತೆತ್ತಿ ಅದನ್ನು ನೋಡಿದ. ಅವನ ನಡಿಗೆಯೇ ಬದಲಾಯಿತು.

ಆಡಳಿತಾಧಿಕಾರಿಗಳು ಬಹಳ ವಿನಯದ ಮನುಷ್ಯ. ಎದ್ದು ನಿಂತು ಕೈ ಮುಗಿದರು. ನೀರು ತರಿಸಿದರು.

"ನೋಡ್ರಿ, ನಿಮ್ಮ ಮಕ್ಕಳ ಮ್ಯಾಲೆ ನಮಗ ಭಾಳ ಅಭಿಮಾನ ಐತಿ" ಎಂದು ಸುರುಮಾಡಿದರು. ಇಂಥ ಆರಂಭ ಕೇಳಿದ ಕೂಡಲೇ ಜೇಬು ಮುಟ್ಟಿ ನೋಡಿಕೊಳ್ಳುವುದು ಬಜಾರದವರ ಅಭ್ಯಾಸ. ನಾನೂ ಮುಟ್ಟಿಕೊಂಡೆ. ಆದರೆ ಅವರ ಕಣ್ಣು ಜೇಬಿನ ಮೇಲೆ ಇರಲಿಲ್ಲ. "ಖರೆ ಹೇಳಬೇಕಂದ್ರ ಇಬ್ಬರೂ ಗಣಿತದಾಗ ಹಿಂದ ಬಿದ್ದಾರ. ಅದರಾಗೂ ಬೀಜಗಣಿತ ಅಂದ್ರ ಏನೂ ಇಲ್ಲ. ಈ ತಿಂಗಳ ಕಡೀಕ ಅಂಥಾವರಿಗೆ ಬೀಜಗಣಿತದ್ದ ಒಂದು ಬ್ಯಾರೆ ಪರೀಕ್ಷಾ ಇಟ್ಟೇವಿ. ಅದರಾಗ ಪಾಸಾದವರು ನಮ್ಮಲ್ಲೇ ಹತ್ತನೇ ಕ್ಲಾಸ್ ಓದಲಿ. ಆಗಲಿಲ್ಲಂದ್ರ, ನೀವ ತಿಳಕೊಂಡು ಟಿ.ಸಿ. ತಗೊಂಡುಬಿಡ್ರಿ. ನಮ್ಮದು ಒತ್ತಾಯ ಏನಿಲ್ಲ."

"ಒತ್ತಾಯ ಇಲ್ಲಂದ್ರ, ತಗೊಳ್ಳದಿದ್ರೂ ನಡೀತೈತ್ರಿ?" ಎಂದು ದಾವಲಸಾಬ ಕೇಳಿದ.

"ಹಂಗ ಬರೂದಿಲ್ರಿ" ಎಂದು ಅವರು ಅಷ್ಟೇ ವಿನಯದಿಂದ ಹೇಳಿದರು. ಅವರ ತಲೆಯ ಹಿಂದಿನ ಗೋಡೆಯ ಮೇಲೆ ಹತ್ತನೇ ತರಗತಿಯ ಫಲಿತಾಂಶ ನೂರಕ್ಕೆ ನೂರು ಎಂದು ಬಂಗಾರದ ಅಕ್ಷರದಲ್ಲಿ ಬರೆದಿತ್ತು. ಆ ನೂರು ಹೇಗೆ ಬರುತ್ತದೆ ಎಂಬ ಲೆಕ್ಕ ಮಾತ್ರ ನನಗೆ ಆವತ್ತೇ ತಿಳಿಯಿತು. ನಪಾಸಾಗುವವರನ್ನು ಮೊದಲೇ ಹೊರಗೆ ಕಳಿಸಿದರೆ ಉಳಿದವರೆಲ್ಲ ಪಾಸು. ಇದಕ್ಕೆ ಬೀಜಗಣಿತವೂ ಬೇಡ.

ಹೊರಗೆ ಬಂದ ಮೇಲೆ ದಾವಲಸಾಬ ಫ್ಲೆಕ್ಸಿನ ಕೆಳಗೆ ನಿಂತು, "ಈರಣ್ಣಾರ, ಫೋಟೋ ಹಾಕೂಮುಂದ ಒಂದು ಮಾತು, ತಗೀಯೂಮುಂದ ಒಂದು ಮಾತು ಆತಲ್ರಿ ಇದು" ಎಂದ. ನನಗೆ ಸಿಟ್ಟು ನೆತ್ತಿಗೇರಿತ್ತು. ಆ ಸಿಟ್ಟಿನಲ್ಲಿ ಶಾಲೆಗೆ ಏನೂ ಅನ್ನಲಾಗದೆ ಮನೆಗೆ ಬಂದು ಮಗಳಿಗೆ ಹೇಳಿದೆ: "ಇವತ್ತಿನಿಂದ ಬೀಜಗಣಿತ ನಾ ಕಲಿಸ್ತೇನಿ."

ಶೈಲಾ ಅಡುಗೆಮನೆಯಿಂದ ಇಣುಕಿ ನೋಡಿ ಮತ್ತೆ ಒಳಗೆ ಹೋದಳು. ಹಾಗೆ ನೋಡಿದ್ದಕ್ಕೆ ಕಾರಣವಿಲ್ಲದಿಲ್ಲ. ನಾನು ಸೊರಟೂರಿನಲ್ಲಿ ಹೈಸ್ಕೂಲು ಓದಿದವನು. ಬೀಜಗಣಿತ ಎಂಬ ಮಾತು ಕೇಳಿ ನಮ್ಮ ಅಪ್ಪ, "ಎಕರೆಗೆ ಎಷ್ಟು ಬೀಜ ಬಿತ್ತಬೇಕಂತ ಹೇಳಿಕೊಟ್ರೇನು?" ಎಂದು ಕೇಳಿದ್ದರು. ಹಾಗಲ್ಲ, ಎ ಮತ್ತು ಬಿ ಕೂಡಿಸುತ್ತಾರೆ ಎಂದೆ. "ಕೂಡಿಸಿ ಏನು ಮಾಡ್ತಾರ?" ಎಂದರು. ವರ್ಗ ಮಾಡುತ್ತಾರೆ ಎಂದೆ. ಅವರಿಗೆ ವರ್ಗ ಎಂದರೆ ಊರ ಲೆಕ್ಕ ಬರೆಯುವ ತಲಾಠಿಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಹಾಕುವುದು. ಪಾಪ, ಎ ಮತ್ತು ಬಿ ಏನು ತಪ್ಪು ಮಾಡಿದ್ದವೋ ಎಂಬಂತೆ ಮುಖ ಮಾಡಿ ಎತ್ತುಗಳ ಕಡೆ ಹೋದರು. ನಮ್ಮ ಮಾಸ್ತರರು ನಿತ್ಯಸಮೀಕರಣಗಳನ್ನು ಮಗ್ಗಿಯ ಹಾಗೆ ರಾಗ ಹಾಕಿ ಹೇಳಿಸುತ್ತಿದ್ದರು. ಆ ರಾಗ ಇವತ್ತಿಗೂ ನನಗೆ ಬಾಯಿಪಾಠ. ಸ್ನಾನ ಮಾಡುವಾಗ ಒಮ್ಮೊಮ್ಮೆ ಬರುತ್ತದೆ. ಅರ್ಥ ಮಾತ್ರ ಆಗಲೂ ಬಂದಿರಲಿಲ್ಲ, ಈಗಲೂ ಬರುವುದಿಲ್ಲ. ಪಾಸಂತೂ ಆಗಿದ್ದೆ. ಅದೇ ಧೈರ್ಯ.

ನಮ್ಮ ಅಂಗಡಿಗೂ ಮನೆಗೂ ನಡುವೆ ಒಂದು ಕೋಣೆ ಇದೆ. ಮಾರಾಟಕ್ಕೆ ಬಂದ ಪಾತ್ರೆಗಳನ್ನು ಒಂದರೊಳಗೊಂದು ಸೇರಿಸಿ ಸೂರಿನ ತನಕ ಪೇರಿಸಿಟ್ಟಿರುತ್ತೇವೆ. ಅಲ್ಲಿಯೇ ಚಾಪೆ ಹಾಸಿ ಪಾಠ ಹೂಡಿದೆ.

"ಎಕ್ಸ್ ಅಂದ್ರ ಏನಪಾ?" ಇದು ಸಹನಾಳ ಮೊದಲ ಪ್ರಶ್ನೆ.

"ಗೊತ್ತಿಲ್ಲದ ಸಂಖ್ಯೆ."

"ಯಾರಿಗೆ ಗೊತ್ತಿಲ್ಲ?"

"ನಮಗ."

"ಲೆಕ್ಕ ಮಾಡಿದವರಿಗೆ ಗೊತ್ತಿರತೈತೇನು?"

"ಇರತೈತಿ."

"ಹಂಗಾರ ಹೇಳಾಕ ಅವರಿಗೇನು ಧಾಡಿ?"

ಸೊರಟೂರಿನ ರಾಗವನ್ನು ಅಲ್ಲಿಗೇ ಬಿಟ್ಟೆ. ದಾರಿ ಬದಲಿಸಿದೆ. ಎಕ್ಸ್ ಎಂದರೆ ತಂಬಿಗಿ, ವಾಯ್ ಎಂದರೆ ಉಣ್ಣುವ ಗಂಗಾಳ ಅಂತ ತಿಳಿ ಎಂದೆ. ಎರಡು ತಂಬಿಗಿಗೆ ಮೂರು ತಂಬಿಗಿ ಕೂಡಿಸಿದರೆ ಐದು ತಂಬಿಗಿ. ತಂಬಿಗಿಗೂ ಗಂಗಾಳಕ್ಕೂ ಕೂಡಿಸಲು ಬರುವುದಿಲ್ಲ, ಬೇರೆ ಬೇರೆ ಇಡಬೇಕು. ಸಹನಾ ತಲೆಯಾಡಿಸಿದಳು. ನನಗೆ ನನ್ನ ಮೇಲೆಯೇ ಗೌರವ ಹುಟ್ಟಿತು. ಇಷ್ಟು ಸುಲಭವಾದದ್ದನ್ನು ಆ ಶಾಲೆಯವರು ಅಷ್ಟು ಫೀ ತೆಗೆದುಕೊಂಡು ಯಾಕೆ ಕಲಿಸಲಿಲ್ಲ ಎಂದುಕೊಳ್ಳುತ್ತಿರುವಾಗಲೇ ಅವಳು ಕೇಳಿದಳು: "ತಂಬಿಗಿಗೆ ತಂಬಿಗಿ ಗುಣಿಸಿದ್ರ ಏನಾಕ್ಕೈತಿ?"

ನಾನು ತಂಬಿಗಿಯನ್ನು ನೋಡಿದೆ. ತಂಬಿಗಿ ನನ್ನನ್ನು ನೋಡಿತು.

"ಸಪ್ಪಳ ಆಕ್ಕೈತಿ" ಎಂದಳು ಶೈಲಾ ಒಳಗಿನಿಂದ.

ಮರುದಿನದಿಂದ ಭಾಷೆಯ ಜಗಳ. ನಾನು ಬಹುಪದೋಕ್ತಿ ಎಂದರೆ ಅವಳು ಹಂಗಂದ್ರೇನು ಎನ್ನುವಳು. ಅವಳು ಪಾಲಿನೋಮಿಯಲ್ ಎಂದರೆ ನನಗೆ ಅದು ಯಾವುದೋ ಹೊಟ್ಟೆನೋವಿನ ಔಷಧದಂತೆ ಕೇಳುವುದು. ಅಪವರ್ತಿಸು ಎಂದರೆ, "ಬೈಯಾಕತ್ತಿ ಏನು?" ಎಂದಳು. ಕಡೆಗೆ ಇಬ್ಬರೂ ಮೊಬೈಲಿಗೆ ಶರಣಾದೆವು. ಅದರಲ್ಲಿ ಒಬ್ಬ ಮಾಸ್ತರ ಬಿಳಿ ಹಲಗೆಯ ಮುಂದೆ ನಿಂತು, ಬಸ್ಸು ಹಿಡಿಯುವ ಗಡಿಬಿಡಿ ಇದ್ದವನಂತೆ ಕಲಿಸುತ್ತಿದ್ದ. "ಇದು ನಿಮಗೆಲ್ಲ ಗೊತ್ತೇ ಇದೆ" ಎಂದು ಪ್ರತಿ ಮಾತಿಗೂ ಹೇಳುವನು. ನಮಗೆ ಗೊತ್ತಿದ್ದರೆ ಅವನ ಬಳಿ ಯಾಕೆ ಹೋಗುತ್ತಿದ್ದೆವು? ಅವನನ್ನು ನಿಲ್ಲಿಸಿ ಮತ್ತೆ ಮೊದಲಿನಿಂದ ಹಚ್ಚಿದರೆ ನಡುವೆ ಪ್ರೆಷರ್ ಕುಕ್ಕರಿನ ಜಾಹೀರಾತು ಬರುವುದು. ಅದನ್ನು ಮಾತ್ರ ನಾನು ಪೂರ್ತಿ ನೋಡುತ್ತಿದ್ದೆ, ವೃತ್ತಿಯ ಸಂಬಂಧ.

ಆಮೇಲೆ ಶೈಲಾ ತನ್ನ ತಮ್ಮನ ಹೆಸರು ತೆಗೆದಳು. ಪ್ರಕಾಶ ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿರುತ್ತಾನೆ. ಡಿಪ್ಲೊಮಾ ಮಾಡಿದವನು. ಅವಳ ತವರಿನಲ್ಲಿ ಏನೇ ಕೆಟ್ಟರೂ, ಮೋಟಾರಿನಿಂದ ಹಿಡಿದು ಮದುವೆಯ ಮಾತುಕತೆಯ ತನಕ, ಪ್ರಕಾಶನನ್ನು ಕರೆಯುತ್ತಾರೆ. ಭಾನುವಾರ ನಾನು, ಸಹನಾ, ಜೊತೆಗೆ ಮುಬೀನಾ ಗದಗಿನ ಬಸ್ಸು ಹತ್ತಿದೆವು. ಮುಬೀನಾಳನ್ನು ಕರೆದೊಯ್ದದ್ದು ದಾವಲಸಾಬ ಕೇಳಿದ್ದಕ್ಕೆ. "ನಿಮ್ಮ ಜೋಡಿ ನಮ್ಮಕೀನೂ ಕುಂಡ್ರಲ್ರಿ. ನನಗ ಹತ್ತಿ ತುಂಬೂದು ಗೊತ್ತು, ಇಂಥಾದನ್ನ ತಲ್ಯಾಗ ತುಂಬೂದು ಗೊತ್ತಿಲ್ಲ" ಎಂದಿದ್ದ.

ಪ್ರಕಾಶ ಹುರುಪಿನಿಂದ ಪೆನ್ನು ತೆಗೆದ. ಎಕ್ಸ್ ಸ್ಕ್ವೇರ್ ಮೈನಸ್ ಎಕ್ಸ್ ಮೈನಸ್ ಹನ್ನೆರಡು. "ಇದು ಎಡಗೈ ಲೆಕ್ಕ. ಎಕ್ಸ್ ಪ್ಲಸ್ ನಾಕು, ಎಕ್ಸ್ ಮೈನಸ್ ಮೂರು. ಮುಗೀತು" ಎಂದ. ಸಹನಾ ಸುಮ್ಮನಿರದೆ ಎರಡನ್ನೂ ಗುಣಿಸಿ ನೋಡಿದಳು. "ಮಾಮಾ, ನಡಕಿಂದು ಪ್ಲಸ್ ಎಕ್ಸ್ ಬರಾಕತ್ತೈತಿ" ಎಂದಳು. ಪ್ರಕಾಶ ಮತ್ತೆ ಮಾಡಿದ. ಮತ್ತೂ ಪ್ಲಸ್ಸೇ ಬಂತು. ಪುಸ್ತಕವನ್ನು ತಿರುಗಿಸಿ ಹಿಂದಿನ ಪುಟ ನೋಡಿದ. "ಪ್ರಿಂಟಿಂಗ್ ಮಿಸ್ಟೇಕ್ ಐತಿ" ಎಂದು ತೀರ್ಪು ಕೊಟ್ಟು, ಊಟಕ್ಕೆ ಏಳಿ ಎಂದ. ಅವನ ಮನೆಯ ಊಟ ಮಾತ್ರ ಬಹಳ ಚೆನ್ನಾಗಿತ್ತು. ಬದನೆಕಾಯಿ ಎಣಗಾಯಿ, ರೊಟ್ಟಿ, ಮೇಲೆ ಮೊಸರು. ಉಂಡು ಮಲಗಿ ಎದ್ದು ಚಹಾ ಕುಡಿದು ವಾಪಸ್ಸಾದೆವು. ಬಸ್ಸಿನಲ್ಲಿ ಮುಬೀನಾ ಒಮ್ಮೆಲೇ ಕೇಳಿದಳು: "ಸಹನಾ, ನಾಕು ಮೈನಸ್ ಆಗಿ ಮೂರು ಪ್ಲಸ್ ಆದ್ರ?" ಸಹನಾ ಕಿಟಕಿಯ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಬರೆದಳು. ಲೆಕ್ಕ ಸರಿಯಾಯಿತು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಇಬ್ಬರೂ ನಕ್ಕರು. ನಾನು ಗಂಭೀರವಾಗಿ ಕೂತಿದ್ದೆ. ಒಂದು ಭಾನುವಾರದ ವ್ಯಾಪಾರ ಬಿಟ್ಟು ಹೋಗಿ, ಮೈನಸ್ಸು ಎಲ್ಲಿ ಕೂರಬೇಕೆಂಬುದನ್ನು ಬಸ್ಸಿನಲ್ಲಿ ಕಲಿತು ಬಂದಂತಾಗಿತ್ತು.

ಅಂದಿನಿಂದ ಮುಬೀನಾ ದಿನಾ ಸಂಜೆ ನಡುಕೋಣೆಗೆ ಬರತೊಡಗಿದಳು. ಈ ಹುಡುಗಿಯ ಬಗ್ಗೆ ಒಂದು ಮಾತು ಹೇಳಬೇಕು. ವೇದಿಕೆ ಹತ್ತಿದರೆ ಸುರಿಮಳೆಯ ಹಾಗೆ ಮಾತಾಡುತ್ತಾಳೆ. ಯಾರ ದನಿಯನ್ನಾದರೂ ಇದ್ದಹಾಗೇ ಅನುಕರಿಸುತ್ತಾಳೆ. ಒಮ್ಮೆ ನಾನು ಗಿರಾಕಿಯನ್ನು ಕಳಿಸಿ ಒಳಗೆ ಬರುವಾಗ ಕೋಣೆಯಲ್ಲಿ ಯಾರೋ, "ತಂಬಿಗಿಗೂ ಗಂಗಾಳಕ್ಕೂ ಕೂಡಿಸಾಕ ಬರೂದಿಲ್ಲವಾ, ಬ್ಯಾರೆ ಬ್ಯಾರೆ ಇಡಬೇಕು" ಎನ್ನುತ್ತಿದ್ದರು. ಅದು ನನ್ನದೇ ದನಿ. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ದನಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗಲೇ ತಿಳಿದದ್ದು, ನನಗೆ ಏನೂ ಗೊತ್ತಿಲ್ಲವೆಂಬುದು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಎಂದು. ಬೈದೆ. ಇಬ್ಬರೂ ಪುಸ್ತಕದೊಳಗೆ ಮುಖ ಹುದುಗಿಸಿ ಬೆನ್ನು ಕುಣಿಸುತ್ತ ನಕ್ಕರು.

ಆದರೆ ಲೆಕ್ಕಕ್ಕೆ ಬಂದರೆ ಮುಬೀನಾ ಒಂದು ಹೆಜ್ಜೆಯೂ ಮುಂದೆ ಹೋಗುವವಳಲ್ಲ. ಪ್ರತಿಯೊಂದಕ್ಕೂ "ಯಾಕ?" ಎಂದು ಕೂತುಬಿಡುವಳು. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಂದರೆ ಎ ಸ್ಕ್ವೇರ್ ಪ್ಲಸ್ ಎರಡು ಎಬಿ ಪ್ಲಸ್ ಬಿ ಸ್ಕ್ವೇರ್. ಲೋಕವೆಲ್ಲ ಒಪ್ಪಿಕೊಂಡದ್ದು. ಇವಳು ಕೇಳುತ್ತಾಳೆ: "ಎ ಸ್ಕ್ವೇರೂ ಇರಲಿ, ಬಿ ಸ್ಕ್ವೇರೂ ಇರಲಿ. ನಡಕ ಈ ಎರಡು ಎಬಿ ಎಲ್ಲಿಂದ ಬಂದ್ವು? ಯಾರು ಕರದಿದ್ರು ಅವನ್ನ?"

"ಅದು ಹಂಗ ಇರತೈತವಾ. ಬಾಯಿಪಾಠ ಮಾಡು" ಎಂದೆ.

"ಹಂಗ ಇರತೈತಿ ಅಂದ್ರ ನನಗ ನೆನಪುಳಿಯೂದಿಲ್ರಿ ಕಾಕಾ."

ಸಹನಾಗೂ ಗೊತ್ತಿರಲಿಲ್ಲ, ಅದು ಮುಖದಿಂದಲೇ ತಿಳಿಯುತ್ತಿತ್ತು. ಆಮೇಲೆ ಸುಣ್ಣದ ತುಂಡು ತಂದು ಕೋಣೆಯ ಕಡಪಾ ಕಲ್ಲಿನ ಮೇಲೆ ಒಂದು ದೊಡ್ಡ ಚೌಕ ಬರೆದಳು. ಒಂದು ಬದಿಯಲ್ಲಿ ಸ್ವಲ್ಪ ದೂರ ಎ, ಉಳಿದದ್ದು ಬಿ ಎಂದು ಗುರುತು ಹಾಕಿದಳು. ಇನ್ನೊಂದು ಬದಿಗೂ ಹಾಗೆಯೇ. ಅಡ್ಡ ಉದ್ದ ಗೆರೆ ಎಳೆದಾಗ ಚೌಕದೊಳಗೆ ನಾಲ್ಕು ಕೋಣೆಗಳಾದವು. "ಇದು ದೊಡ್ಡ ಕ್ವಾಣಿ, ಎ ಸ್ಕ್ವೇರ್. ಇದು ಸಣ್ಣ ಕ್ವಾಣಿ, ಬಿ ಸ್ಕ್ವೇರ್. ಉಳದಾವು ಎರಡು ಉದ್ದನ್ನ ಪಡಸಾಲಿ. ಒಂದೊಂದು ಎಬಿ. ಅವನ್ನ ಬಿಟ್ರ ಮನಿ ಪೂರ್ತಿ ಆಗೂದಿಲ್ಲ" ಎಂದಳು. ಹೇಳುತ್ತ ಹೇಳುತ್ತ ಅವಳ ದನಿಯೇ ಏರಿತು, ಈಗಷ್ಟೇ ತನಗೆ ತಾನೇ ಹೇಳಿಕೊಂಡವಳಂತೆ.

"ಹಿಂಗಂತ ಮದಲ ಹೇಳಬೇಕಿಲ್ಲೋ" ಎಂದಳು ಮುಬೀನಾ.

ನಾನು ಪಾತ್ರೆಗಳ ಪಕ್ಕದಲ್ಲಿ ನಿಂತು ನೆಲವನ್ನು ನೋಡಿದೆ. ಸೊರಟೂರಿನ ರಾಗ ಒಮ್ಮೆ ನಿಂತುಹೋಯಿತು. ಇಷ್ಟು ವರ್ಷ ಸ್ನಾನದ ಮನೆಯಲ್ಲಿ ನಾನು ಹಾಡುತ್ತಿದ್ದದ್ದು ಒಂದು ಮನೆಯ ನಕ್ಷೆಯೇ? ಖುಷಿಪಡಬೇಕಿತ್ತು. ನನಗೆ ಬಂದದ್ದು ಸಿಟ್ಟು. ಯಾರ ಮೇಲೆ ಎಂದು ತಿಳಿಯದ್ದರಿಂದ, ಕಲ್ಲಿನ ಮೇಲೆ ಯಾಕೆ ಬರೆದಿರಿ ಎಂದು ಇಬ್ಬರಿಗೂ ಬೈದೆ.

ಪರೀಕ್ಷೆ ಹತ್ತಿರ ಬಂದಂತೆ ಮನೆಯ ಊಟ ನೀರು ಎಲ್ಲ ಕಹಿಯಾಯಿತು. ಮೈನಸ್ಸು ಮರೆತರೆ ನಾನು ಕೂಗುವುದು, ನಾನು ಕೂಗಿದರೆ ಸಹನಾ ಪುಸ್ತಕ ಮುಚ್ಚುವುದು, ಅವಳು ಪುಸ್ತಕ ಮುಚ್ಚಿದರೆ ಶೈಲಾ ನನ್ನನ್ನು ಅಂಗಡಿಗೆ ಅಟ್ಟುವುದು. ಒಂದು ದಿನ ಶೈಲಾ ನೇರವಾಗಿಯೇ ಹೇಳಿದಳು. "ಪರೀಕ್ಷಾ ಆಕೀದೈತಿ. ಅಂಜಿಕಿ ಮಾತ್ರ ನಿಮ್ಮದು. ಅಂಜಿಕಿ ನೀವ ಇಟಗೋರಿ, ಆಕೀಗೆ ಕೊಡಬ್ಯಾಡ್ರಿ." ನಾನು ಗಿರಾಕಿ ಇಲ್ಲದಿದ್ದರೂ ಗಲ್ಲಾದ ಹಿಂದೆ ಹೋಗಿ ಕೂತೆ. ಗೋಡೆಯಾಚೆ ದಾವಲಸಾಬನೂ ಸುಮ್ಮನೆ ಕೂತಿದ್ದನೆಂದು ತೋರುತ್ತದೆ. ಆ ವಾರ ನನ್ನ ಕಡೆ ಒಂದು ಕೊಪ್ಪರಿಗೆಯೇ ಉರುಳಿ ಬಿತ್ತು. ಆಚೆಯಿಂದ ಯಾರೂ ಏನೂ ಕೇಳಲಿಲ್ಲ.

ಪರೀಕ್ಷೆಯ ದಿನ ಮಧ್ಯಾಹ್ನ ಇಬ್ಬರೂ ನಡೆದುಕೊಂಡು ಬಂದರು. ಸಹನಾ ನೇರವಾಗಿ ಒಳಗೆ ಹೋಗಿ ನೀರು ಕುಡಿದಳು. ಮುಬೀನಾ ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

"ಹೆಂಗಾತವಾ?" ಎಂದೆ.

"ಮೂರನೇ ಲೆಕ್ಕ ಭಾಳ ಚಂದ ಇತ್ರಿ ಕಾಕಾ" ಎಂದಳು. "ಅದು ಯಾಕ ಹಂಗ ಬರತೈತಿ ಅಂತ ವಿಚಾರ ಮಾಡಕೋತ ಕುಂತೆ. ತಿಳೀತು. ತಿಳಿಯೂದ್ರಾಗ ಗಂಟಿ ಬಾರಿಸಿಬಿಟ್ರು."

ಫಲಿತಾಂಶ ಬಂತು. ಸಹನಾ ಪಾಸಾಗಿದ್ದಳು, ಅದೂ ಸುಮ್ಮನೆ ದಡ ಮುಟ್ಟಿದ್ದಲ್ಲ, ಆಡಳಿತಾಧಿಕಾರಿಗಳೇ ಫೋನು ಮಾಡಿ ಹೇಳುವಷ್ಟು ಒಳ್ಳೆಯ ಅಂಕ. ನಾನು ಫೋನು ಇಟ್ಟವನೇ ಪೇಡೆ ತರಿಸಿದೆ. ಪೆಟ್ಟಿಗೆ ಬಿಚ್ಚಿ ಪಕ್ಕದ ಅಂಗಡಿಗೆ ಹೊರಟಾಗಲೇ ದಾವಲಸಾಬ ಬಾಗಿಲಲ್ಲಿ ನಿಂತಿದ್ದ. ನನ್ನ ಕೈಯಲ್ಲಿದ್ದ ಪೆಟ್ಟಿಗೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವನೇ ಕೈ ಹಾಕಿ ಒಂದು ತೆಗೆದುಕೊಂಡ.

"ಸಹನಾ ಪಾಸಾದ್ಲಂತ. ಛಲೋ ಆತ್ರಿ" ಎಂದ. ಪೇಡೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ತಿಂದ. "ನಮ್ಮಕೀದು ಸ್ವಲ್ಪದರಾಗ ಹೋತು. ನಾಳೆ ಹೋಗಿ ಟಿ.ಸಿ. ತರತೇನಿ. ಗೌರ್ಮೆಂಟ್ ಹೈಸ್ಕೂಲಿನ್ಯಾಗ ಈಗ ಇಂಗ್ಲೀಷಿನ್ಯಾಗ ಕಲಿಸೂದೂ ಸುರು ಮಾಡ್ಯಾರಂತ. ಅಲ್ಲೇ ಹಚ್ಚತೇನಿ."

"ಒಮ್ಮೆ ಹೋಗಿ ಮಾತಾಡೂಣೇನು?" ಎಂದೆ.

"ಏನಂತ ಮಾತಾಡೂದ್ರಿ? ನಮ್ಮದು ಒತ್ತಾಯ ಏನಿಲ್ಲ ಅಂತಾರ." ಅವನು ನಕ್ಕ. ಆ ನಗೆ ನೋಡಿದ ಮೇಲೆ ನನಗೆ ಪೇಡೆ ಸೇರಲಿಲ್ಲ.

ಮರುದಿನ ಟಿ.ಸಿ. ಬಂತು. ಗೇಟಿನ ಫ್ಲೆಕ್ಸು ಮಾತ್ರ ಹಾಗೇ ಇತ್ತು, ಮುಬೀನಾ ಕಪ್ಪು ಹಿಡಿದು ನಗುತ್ತಿದ್ದಳು. ಅದನ್ನು ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ.

ನಮ್ಮ ಮನೆಯಲ್ಲಿ ಎಲ್ಲ ಮುಗಿಯಿತು ಎಂದು ನಾನು ಉಸಿರು ಬಿಟ್ಟಿದ್ದೆ. ಬೇಸಿಗೆಯ ಸೂಟಿ. ಮದುವೆಯ ಸುಗ್ಗಿ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಒಂದು ದಿನ ಊಟಕ್ಕೆ ಕೂತಾಗ ಸಹನಾ ರೊಟ್ಟಿ ಮುರಿಯುತ್ತ ಹೇಳಿದಳು: "ಅಪ್ಪಾ, ನನ್ನ ಟಿ.ಸಿ. ತಗಿಸು."

ನಾನು ತುತ್ತನ್ನು ಗಂಗಾಳದಲ್ಲೇ ಇಟ್ಟೆ. "ಯಾಕ?"

"ನಾನೂ ಗೌರ್ಮೆಂಟ್ ಹೈಸ್ಕೂಲಿಗೆ ಹೋಗ್ತೇನಿ."

ಆಮೇಲೆ ನಾನು ಮಾತಾಡಿದ್ದನ್ನೆಲ್ಲ ಇಲ್ಲಿ ಬರೆಯಲು ಬರುವುದಿಲ್ಲ. ಬೆಟಗೇರಿಯ ಬಸ್ಸು, ಮೊಬೈಲಿನ ಮಾಸ್ತರ, ಕಡಪಾ ಕಲ್ಲು, ನನ್ನ ರಕ್ತದೊತ್ತಡ, ಎಲ್ಲ ಬಂದವು. ಕೊನೆಗೆ ಹೇಳಿದೆ: "ಟಿ.ಸಿ. ಕೊಡಬಾರದು ಅಂತನ ಅಲ್ಲೇನು ನೀ ಅಷ್ಟು ಓದಿದ್ದು? ಈಗ ನೀನ ಹೋಗಿ ಕೇಳ್ತೀ?"

"ಅವರು ಕೊಡಬಾರದು ಅಂತ ಓದಿದ್ದೆ" ಎಂದಳು. "ನಾ ತಗೋಬಾರದು ಅಂತೇನು ಓದಿದ್ದಿಲ್ಲ."

ಶೈಲಾ ಇನ್ನೊಂದು ರೊಟ್ಟಿ ತಂದು ನನ್ನ ಗಂಗಾಳಕ್ಕೆ ಹಾಕಿದಳು. ಮಗಳ ಗಂಗಾಳಕ್ಕೆ ಬೆಣ್ಣೆ ಹಾಕಿದಳು. ನನ್ನದಕ್ಕೆ ಹಾಕಲಿಲ್ಲ.

ಮುಂದಿನ ಕೆಲವು ದಿನ ನಾನು ಮಾಡದ ಉಪಾಯವಿಲ್ಲ. ಹತ್ತನೇ ತರಗತಿ, ನಡುವೆ ಶಾಲೆ ಬದಲಿಸಬಾರದು ಎಂದೆ. ಹಳೆಯ ಶಾಲೆಯಲ್ಲಿ ಕಂಪ್ಯೂಟರಿದೆ ಎಂದೆ. ಪ್ರಕಾಶನಿಂದ ಫೋನು ಮಾಡಿಸಿದೆ. ಅವನು ಅರ್ಧ ತಾಸು ಬುದ್ಧಿ ಹೇಳಿದ. ಅವಳು ಎಲ್ಲ ಕೇಳಿ, "ಮಾಮಾ, ಆ ಲೆಕ್ಕದಾಗ ಪ್ರಿಂಟಿಂಗ್ ಮಿಸ್ಟೇಕ್ ಇರಲಿಲ್ಲ" ಎಂದಳಂತೆ. ಅವನು ಮತ್ತೆ ಫೋನು ಮಾಡಲಿಲ್ಲ.

ನನಗೆ ನಿಜವಾಗಿ ಕಾಡುತ್ತಿದ್ದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಷ್ಟು ಕಷ್ಟಪಟ್ಟು ಒಳಗೆ ಉಳಿದವಳು ತಾನಾಗಿ ಹೊರಗೆ ಹೋಗುವುದೆಂದರೆ, ನಾಳೆ ಏನಾದರೂ ಎಡವಟ್ಟಾದರೆ ಯಾರನ್ನು ಬೈಯುವುದು? ಆದರೆ ಆ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ ಫ್ಲೆಕ್ಸಿನ ಮೇಲಿನ ಆ ಹುಡುಗಿಯ ನಗು ಕಾಣುವುದು, ನಾನು ಸ್ಕೂಟರಿನ ವೇಗ ಹೆಚ್ಚಿಸುವುದು. ಹೀಗೆ ಎಷ್ಟು ದಿನ ವೇಗ ಹೆಚ್ಚಿಸಲಾದೀತು? ಒಂದು ಬೆಳಿಗ್ಗೆ ಸಹನಾಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರನ್ನು ಅಲ್ಲಿಯೇ ನಿಲ್ಲಿಸಿದೆ.

ಆಡಳಿತಾಧಿಕಾರಿಗಳು ಎದ್ದು ಕೈ ಮುಗಿದರು. ನೀರು ತರಿಸಿದರು. ವಿಷಯ ಕೇಳಿ ಅವರ ವಿನಯ ಸ್ವಲ್ಪ ಅಲುಗಿತು.

"ಹಂಗ್ಯಾಕ ಮಾಡ್ತೀರಿ? ಹುಡುಗಿ ಶಾಣ್ಯಾ ಅದಾಳ. ಇಂಥಾವರ ನಮಗ ಬೇಕು."

"ಹೋದ ಸಲ ಬ್ಯಾಡಾಗಿದ್ಲಲ್ರಿ" ಎಂದೆ.

"ಆವಾಗಿನ ಮಾತು ಬ್ಯಾರ್ರಿ. ಈಗ ಆಕೀ ತಯಾರಾಗ್ಯಾಳ." ಅವರು ಸಹನಾಳ ಕಡೆ ತಿರುಗಿದರು. "ನಿನಗೇನು ತ್ರಾಸ ಐತವಾ ಇಲ್ಲೆ? ಬೀಜಗಣಿತ ಅಷ್ಟು ಛಲೋ ಮಾಡೀದಿ."

"ಮುಬೀನಾಗ ತಿಳಿಸಿ ಹೇಳಕೋತ ಹೇಳಕೋತ ನನಗ ತಿಳೀತ್ರಿ, ಸರ್" ಎಂದಳು ಸಹನಾ. "ಆಕೀ ಯಾಕ ಅಂತ ಕೇಳದಿದ್ರ ನನಗೂ ಗೊತ್ತಾಗ್ತಿದ್ದಿಲ್ರಿ."

"ಆಕೀ ಫೇಲ್ ಆಗ್ಯಾಳಲ್ಲ?"

"ಹೌದ್ರಿ."

ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಬಂಗಾರದ ಅಕ್ಷರ ನೋಡಿದೆ. ಪಾಸಾದವಳಿಗೆ ಫೇಲಾದವಳು ಕಲಿಸಿದಳು ಎಂಬ ಮಾತು ಅವರಿಗೂ ಬಿಡಿಸಲಾಗಲಿಲ್ಲ, ಒಂದು ತಿಂಗಳ ಹಿಂದಾಗಿದ್ದರೆ ನನಗೂ ಬಿಡಿಸಲಾಗುತ್ತಿರಲಿಲ್ಲ. "ಒತ್ತಾಯ ಏನಿಲ್ರಿ, ಕೊಟ್ಟುಬಿಡ್ರಿ" ಎಂದೆ. ಆ ವರ್ಷವೆಲ್ಲ ನಾನು ಸಂತೋಷದಿಂದ ಆಡಿದ ಮಾತು ಅದೊಂದೇ.

ಶಾಲೆ ಸುರುವಾಗುವ ದಿನ ನಾನೇ ಅವಳನ್ನು ಬಿಡಲು ಹೋದೆ. ಮುಬೀನಾಗೆ ಸಹನಾ ಏನೂ ಹೇಳಿರಲಿಲ್ಲ. ನನಗೂ ದಾವಲಸಾಬನ ಮುಂದೆ ಬಾಯಿ ಬಿಡಬೇಡ ಎಂದು ತಾಕೀತು ಮಾಡಿದ್ದಳು. ಗೆಳತಿ ಕುಣಿದಾಡುತ್ತಾಳೆ, ಅಪ್ಪಿಕೊಳ್ಳುತ್ತಾಳೆ, ಅದನ್ನು ನೋಡಿಕೊಂಡು ನಾನೂ ನಾಲ್ಕು ದಿನ ಅಂಗಡಿಯಲ್ಲಿ ಎಲ್ಲರಿಗೂ ಹೇಳಬಹುದು ಎಂದು ಆಸೆಪಟ್ಟು ಕಿಟಕಿಯ ಹೊರಗೆ ನಿಂತಿದ್ದೆ. ತಂದೆಯಾದವನಿಗೆ ಅಷ್ಟೂ ಸಿಗಬಾರದೇ?

ಮುಬೀನಾ ಎರಡನೆಯ ಸಾಲಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಬಾಗಿಲಿಗೆ ಬಂದ ಸಹನಾಳನ್ನು ಕಂಡು ಅವಳ ಮುಖ ಅರಳಲಿಲ್ಲ. ಕೆಂಪಾಯಿತು.

"ನೀ ಯಾಕ ಬಂದಿಲೇ ಇಲ್ಲೆ?"

"ಸಾಲಿಗೆ ಬಂದೇನಿ."

"ಪಾಸಾಗಿದ್ದಿಲ್ಲೇನು ನೀ? ಹುಚ್ಚಿ ಅದೀ ಏನು? ನನ್ನ ಸಲುವಾಗಿ ಬಂದಿದ್ರ ಹೊಳ್ಳಿ ಹೋಗು. ನಾ ಯಾರ ಕಡಿಂದೂ ಕರುಣಾ ಬೇಡಿಲ್ಲ."

ಸುತ್ತಲಿನ ಹುಡುಗಿಯರು ತಿರುಗಿ ನೋಡಿದರು. ಹೊರಗೆ ನಿಂತ ನನಗೆ ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ. ಇಷ್ಟೆಲ್ಲ ಮಾಡಿ, ಅಷ್ಟು ಅಂಕ ತೆಗೆದು, ಆ ಶಾಲೆ ಬಿಟ್ಟು, ಈ ಶಾಲೆಗೆ ಬಂದದ್ದು ಬೈಸಿಕೊಳ್ಳಲಿಕ್ಕೆಯೇ? ಈ ಹುಡುಗಿಯರನ್ನು ಯಾವ ಸೂತ್ರ ಹಾಕಿ ಬಿಡಿಸುವುದು?

ಸಹನಾ ಚೀಲವನ್ನು ಹೆಗಲಿನಿಂದ ಇಳಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನ ಹೇಳುವ ಮೆದುವೂ ಇರಲಿಲ್ಲ.

"ನಿನ್ನ ಸಲುವಾಗಿ ಯಾರು ಬಂದಾರ?" ಎಂದಳು. "ಸರಕೊಂಡು ಕುಂದ್ರು."

ಮುಬೀನಾ ಮುಖವನ್ನು ಆಚೆ ತಿರುಗಿಸಿಕೊಂಡಳು. ತಿರುಗಿಸಿಕೊಂಡೇ ಸ್ವಲ್ಪ ಸರಿದಳು.